ಜಾನ್ ಕೆಮೆನಿ: ಕಂಪ್ಯೂಟರಿನ ಕೀಲಿಯನ್ನು ಎಲ್ಲರ ಕೈಗಿಟ್ಟ ನಿರಾಶ್ರಿತ

ಕೋಡಿಂಗ್ ಯಾರು ಕಲಿಯಬೇಕು ಅನ್ನೋದು ರಾಜಕೀಯ ಪ್ರಶ್ನೆ. ಇಂಜಿನಿಯರಿಂಗ್ ಓದಿದ ನಮ್ಮಂಥವರ ನಡುವೆ ಬೇಸಿಕ್ ಭಾಷೆ ಅಂದ್ರೆ ಹಳೇ ಜೋಕು. ಆದರೆ ಅದನ್ನು ಕಟ್ಟಿದ ಜಾನ್ ಕೆಮೆನಿ ಈ ಪ್ರಶ್ನೆಗೆ ಅರವತ್ತು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದರು: ಎಲ್ಲರೂ ಕಲಿಯಬೇಕು.

ಕೆಮೆನಿ ಹುಟ್ಟಿದ್ದು 1926ರಲ್ಲಿ, ಬುಡಾಪೆಸ್ಟ್‌ನ ಯಹೂದಿ ಕುಟುಂಬದಲ್ಲಿ. ನಾಜಿಗಳ ಭಯಕ್ಕೆ ದೇಶ ಬಿಟ್ಟ ಕುಟುಂಬ 1940ರಲ್ಲಿ ನ್ಯೂಯಾರ್ಕ್ ಸೇರಿತು. ಊರು ಬಿಡಲೊಪ್ಪದ ಅಜ್ಜ ನರಮೇಧಕ್ಕೆ ಬಲಿಯಾದರು. ಪ್ರಿನ್ಸ್‌ಟನ್‌ನಲ್ಲಿ ಗಣಿತ ಓದುತ್ತಿದ್ದ ಹುಡುಗ 1945ರಲ್ಲಿ ಲಾಸ್ ಅಲಮೋಸ್‌ನ ಅಣುಬಾಂಬ್ ಯೋಜನೆಯಲ್ಲಿ ಲೆಕ್ಕ ಹಾಕುವ ಕೆಲಸಕ್ಕೆ ಬಿದ್ದ. ಮುಂದೆ ಐನ್‌ಸ್ಟೈನರಿಗೆ ಗಣಿತದ ಸಹಾಯಕನಾದ. 1953ರಲ್ಲಿ ಡಾರ್ಟ್‌ಮತ್ ಕಾಲೇಜಿಗೆ ಮೇಷ್ಟ್ರಾಗಿ ಬಂದ.

ಆಗ ಕಂಪ್ಯೂಟರ್ ಅಂದ್ರೆ ಗರ್ಭಗುಡಿ. ಕಾರ್ಡುಗಳಿಗೆ ತೂತು ಹಾಕಿಸಿ ಒಳಗೆ ಕೊಟ್ಟು, ಉತ್ತರಕ್ಕೆ ಹೊರಗೆ ಕಾಯಬೇಕು. ಕೆಮೆನಿ, ಥಾಮಸ್ ಕರ್ಟ್ಸ್ ಮತ್ತವರ ವಿದ್ಯಾರ್ಥಿಗಳು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನೂ, ಅದಕ್ಕೊಂದು ಸರಳ ಭಾಷೆಯನ್ನೂ ಕಟ್ಟಿದರು. 1964ರ ಮೇ 1ರ ನಸುಕಿನ 4 ಗಂಟೆಗೆ ಬೇಸಿಕ್ ಓಡಿತು. ಸಾಹಿತ್ಯ, ಇತಿಹಾಸ ಓದುವವರೂ ಲೈಬ್ರರಿಗೆ ಹೋದಂತೆ ಹೋಗಿ ಪುಕ್ಕಟೆ ಕೋಡ್ ಬರೆದರು.

1970ರಿಂದ 1981ರವರೆಗೆ ಅದೇ ಕಾಲೇಜಿನ ಅಧ್ಯಕ್ಷರಾಗಿದ್ದ ಕೆಮೆನಿ, 1972ರಲ್ಲಿ ಹೆಣ್ಣುಮಕ್ಕಳಿಗೆ ಪದವಿ ತರಗತಿಗಳ ಬಾಗಿಲು ತೆರೆದರು. ಅಮೆರಿಕದ ಮೂಲನಿವಾಸಿ ವಿದ್ಯಾರ್ಥಿಗಳನ್ನು ಕರೆತಂದರು. 1979ರ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರ ಅವಘಡದ ತನಿಖಾ ಆಯೋಗದ ನೇತೃತ್ವವೂ ಅವರದೇ. ಯಂತ್ರವನ್ನಷ್ಟೇ ದೂರಿ ಕೈತೊಳೆದುಕೊಳ್ಳದೆ, ಅದನ್ನು ನಡೆಸುವವರನ್ನೂ ಕಾಯಬೇಕಿದ್ದ ಸರ್ಕಾರಿ ನಿಯಂತ್ರಕರನ್ನೂ ಆ ವರದಿ ಹೊಣೆ ಮಾಡಿತು.

ಬೇಸಿಕ್‌ಗೆ ಮಾತ್ರ ಅವರು ಬೇಲಿ ಹಾಕಿರಲಿಲ್ಲ. ಪುಟ್ಟ ಕಂಪ್ಯೂಟರ್‌ಗಳು ಬಂದದ್ದೇ ತಡ, ಕಂಪನಿಗೊಂದು ಬೇಸಿಕ್ ಹುಟ್ಟಿತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓಡದು. ಚಿತ್ರ ಬಿಡಿಸುವ ಆದೇಶಗಳಂತೂ ಪೂರಾ ಬೇರೆ. 1983ರಲ್ಲಿ ಕೆಮೆನಿ, ಕರ್ಟ್ಸ್ ಕಂಪನಿ ಕಟ್ಟಿ ಟ್ರೂ ಬೇಸಿಕ್ ತಂದರು. ಐಬಿಎಂ ಪಿಸಿ, ಮ್ಯಾಕಿಂಟಾಷ್, ಅಮಿಗಾ: ಪರದೆ, ಮೆನು ಬೇರೆ ಬೇರೆ, ಭಾಷೆ ಒಂದೇ. ಉಪಾಯ ಸರಳ. ಪರದೆಯ ಚುಕ್ಕಿ ಎಣಿಸಿ ಗೆರೆ ಎಳೆಯುವ ಬದಲು, ಅಡ್ಡಕ್ಕೆ 0ಯಿಂದ 10, ಎತ್ತರಕ್ಕೆ 0ಯಿಂದ 10 ಅಂತ ನಮ್ಮದೇ ಅಳತೆ ಹೇಳಿದರೆ ಸಾಕು. ಅದನ್ನು ಆಯಾ ಪರದೆಗೆ ಹೊಂದಿಸೋದು ಭಾಷೆಯ ಕೆಲಸ. ನಾನಿದನ್ನು ಬರೆಯುತ್ತಿರುವುದು ಖಾನಾಪುರ ತಾಲೂಕಿನ ಹಲಸಿಯಲ್ಲಿ ಕೂತು. ಇಲ್ಲಿ ಅಂಗಡಿಯವರು ಗಿರಾಕಿ ನೋಡಿ ಕನ್ನಡಕ್ಕೋ ಮರಾಠಿಗೋ ಹೊರಳುತ್ತಾರೆ. ಅಕ್ಕಿ ರೇಟು ಬದಲಾಗಲ್ಲ. ಟ್ರೂ ಬೇಸಿಕ್ ಲೆಕ್ಕವೂ ಅಷ್ಟೇ.

ಮಾರುಕಟ್ಟೆ ಒಪ್ಪಲಿಲ್ಲ. ಹಲವು ಯಂತ್ರಗಳ ಜೊತೆಗೇ ಬೇರೆ ಬೇಸಿಕ್ ಬರುತ್ತಿದ್ದಾಗ ಇದಕ್ಕೆ ದುಡ್ಡು ಕೊಡೋರು ಯಾರು? ಅಮೆರಿಕದ ಪೂರ್ಣ ಮಾನದಂಡ ಬಂದದ್ದು 1987ರಲ್ಲಿ. ಅಷ್ಟರಲ್ಲಿ ಭಾಷೆ ಹಂಚಿಹೋಗಿತ್ತು. 1992ರಲ್ಲಿ, 66ನೇ ವಯಸ್ಸಿಗೆ ಕೆಮೆನಿ ತೀರಿಕೊಂಡರು.

ನನಗೆ ಕಾಣುವ ಪಾಠ ಇದು: ತೆರೆದಿಟ್ಟರಷ್ಟೇ ಸಾಲದು, ಎಲ್ಲರ ಸ್ವತ್ತಿಗೆ ಕಾವಲೂ ಬೇಕು. ಇವತ್ತು ಫೋನು ನಮ್ಮ ಕೈಯಲ್ಲಿದೆ, ಅದರ ಕೀಲಿ ಎರಡು ಕಂಪನಿಗಳ ಹತ್ತಿರವಿದೆ. ಶಾಲೆಗೆ ಎಐ ತರುತ್ತೇವೆ ಅನ್ನುವ ಸರ್ಕಾರಗಳನ್ನು ನಾವು ಕೇಳಲೇಬೇಕು: ಮಕ್ಕಳಿಗೆ ಕಲಿಸೋದು ಬಳಸೋದನ್ನೋ, ಕಟ್ಟೋದನ್ನೋ?