ಹೊನ್ನಾವರದ ಅಳಿವೆ ಕಂಡ ವೈದ್ಯ: ಫ್ರಾನ್ಸಿಸ್ ಬುಕಾನನ್

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಪ್ರಾಣಿ ಸಾಮ್ರಾಜ್ಯದ ಪಾಠ ಓದಿದವರಿಗೆಲ್ಲ ಸಿಹಿನೀರಿನ ಮೀನುಗಳ ಉದಾಹರಣೆ ಬಾಯಿಪಾಠ: ಲೇಬಿಯೋ, ಕಾಟ್ಲಾ, ಕ್ಲಾರಿಯಸ್. ಅಂದರೆ ರೋಹು, ಕಾಟ್ಲಾ ಮತ್ತು ಮಾಗೂರ್. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಮೂರು ಮೀನುಗಳನ್ನೂ ವಿಜ್ಞಾನಕ್ಕೆ ಮೊದಲು ಪರಿಚಯಿಸಿದವರು ಒಬ್ಬರೇ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅವರು ನಮ್ಮ ಸೊರಬ ತಾಲ್ಲೂಕಿನ ಚಂದ್ರಗುತ್ತಿಗೂ ಬಂದು ಹೋಗಿದ್ದರು ಎಂಬುದಂತೂ ಪಠ್ಯಪುಸ್ತಕದಲ್ಲಿ ಇಲ್ಲವೇ ಇಲ್ಲ.

ಫ್ರಾನ್ಸಿಸ್ ಬುಕಾನನ್ 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದರು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ 1783ರಲ್ಲಿ ಎಂ.ಡಿ. ಪದವಿ ಪಡೆದರು. ಆಗ ವೈದ್ಯರಾಗುವವರು ಸಸ್ಯಶಾಸ್ತ್ರವನ್ನೂ ಕಲಿಯಬೇಕಿತ್ತು, ಏಕೆಂದರೆ ಔಷಧಿ ಎಂದರೆ ಗಿಡಮೂಲಿಕೆಯೇ. ಬುಕಾನನ್ ಅವರಿಗೆ ರೋಗಿಗಳಿಗಿಂತ ಗಿಡಗಳೇ ಹೆಚ್ಚು ಹಿಡಿಸಿದಂತಿದೆ. ಕೆಲವು ವರ್ಷ ಹಡಗುಗಳಲ್ಲಿ ವೈದ್ಯರಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದರು. ಮರುವರ್ಷ ಬರ್ಮಾಕ್ಕೆ ಹೋಗಿ ಬಂದ ಮೇಲೆ ಅವರನ್ನು ಲಕ್ಷ್ಮೀಪುರಕ್ಕೆ ಹಾಕಿದರು. ಇಂದಿನ ಬಾಂಗ್ಲಾದೇಶದ ಆ ಊರು ಗಂಗಾನದಿ ಸಮುದ್ರ ಸೇರುವ ತಗ್ಗು ಪ್ರದೇಶದಲ್ಲಿದೆ. ಬುಕಾನನ್ ಮೀನುಗಳ ಅಧ್ಯಯನ ಶುರುಮಾಡಿದ್ದು ಅಲ್ಲಿಯೇ. ಬೆಸ್ತರು ತಂದ ಮೀನನ್ನು ನೋಡುವುದು, ಅವರು ಹೇಳಿದ ಹೆಸರನ್ನೇ ಬರೆದುಕೊಳ್ಳುವುದು, ರೆಕ್ಕೆಯ ಕಡ್ಡಿಗಳನ್ನು ಎಣಿಸುವುದು ಅವರ ಕ್ರಮ. ರೋಹಿತ, ಕಾಟ್ಲಾ, ಮೃಗಾಲ, ಮಾಗೂರ್ ಎಂಬ ನಮ್ಮ ನಾಡಿನ ಮಾತುಗಳು ಲ್ಯಾಟಿನ್ ಹೆಸರುಗಳೊಳಗೆ ಸೇರಿಕೊಂಡದ್ದು ಹೀಗೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನರು ಮಡಿದರು. ಗೆದ್ದ ನಾಡಿನಲ್ಲಿ ಏನೇನಿದೆ ಎಂದು ಕಂಪನಿಗೆ ತಿಳಿಯಬೇಕಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಆ ಕೆಲಸಕ್ಕೆ ಬುಕಾನನ್ ಅವರನ್ನು ನೇಮಿಸಿದರು. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿ 1801ರ ಜುಲೈಯಲ್ಲಿ ಅವರು ಮರಳಿದರು. ಬೆಳೆ, ದನಕರು, ನೇಯ್ಗೆ, ಕಬ್ಬಿಣದ ಕುಲುಮೆ, ಕಂದಾಯ ಹೀಗೆ ಕಂಡದ್ದನ್ನೆಲ್ಲ ಬರೆದರು. ಅದು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಟಿಪ್ಪು ಸುಲ್ತಾನರ ಬಗ್ಗೆ ಅದರಲ್ಲಿರುವುದನ್ನು ಓದುವಾಗ, ಬರೆದವರು ಗೆದ್ದವರ ಸಂಬಳದಲ್ಲಿದ್ದರು ಎಂಬುದನ್ನು ಮರೆಯಬಾರದು. ನೀರು, ಮಣ್ಣು, ಗಿಡಗಳ ವಿಷಯಕ್ಕೆ ಬಂದಾಗ ಮಾತ್ರ ಅವರ ಕಣ್ಣು ನಂಬುವಂಥದ್ದು.

1801ರ ಆರಂಭದಲ್ಲಿ ಅವರು ಹೊನ್ನಾವರ ತಲುಪಿದರು. ಶರಾವತಿ ಸಮುದ್ರ ಸೇರುವ ಜಾಗ ಅದು. ಜನ ಅದನ್ನು ಹೊಳೆ ಎನ್ನುತ್ತಾರೆ, ಆದರೆ ಸರೋವರ ಎನ್ನುವುದೇ ಸರಿ ಎಂದು ಅವರಿಗೆ ಕಂಡಿತು. ಒಳಗೆ ದ್ವೀಪಗಳು, ಕೆಲವದರಲ್ಲಿ ಸಾಗುವಳಿ. ಬೇಸಿಗೆಯಲ್ಲಿ ಆ ನೀರೆಲ್ಲ ಉಪ್ಪು. ಮಳೆಗಾಲದಲ್ಲಿ ಘಟ್ಟದ ಹಳ್ಳಗಳು ಉಕ್ಕಿ ಬಂದು ಎಲ್ಲವೂ ಸಿಹಿ. ಮೀನು ಹೇರಳವಾಗಿತ್ತು, ಅದನ್ನು ಉಪ್ಪು ಹಾಕಿ ಘಟ್ಟದ ಮೇಲಿನ ನಾಡಿಗೆ ಮಾರುತ್ತಿದ್ದರು. ಘಟ್ಟದ ಮೇಲಿನ ನಾಡು ಎಂದರೆ ನಾವೇ! ಸೊರಬದ ದಂಡಾವತಿ, ವರದಾ ನದಿಗಳ ನೀರು ಪೂರ್ವಕ್ಕೆ ಹರಿದು ತುಂಗಭದ್ರೆ ಸೇರುತ್ತದೆ, ಹೊನ್ನಾವರಕ್ಕೆ ಹೋಗುವುದಿಲ್ಲ. ಹೊನ್ನಾವರಕ್ಕೂ ನಮಗೂ ಇದ್ದ ನಂಟು ಒಣಮೀನಿನದು. ಮಾರ್ಚ್‌ನಲ್ಲಿ ಬುಕಾನನ್ ಘಟ್ಟ ಹತ್ತಿ ಸೋಂದಾ, ಶಿರಸಿ, ಬನವಾಸಿ, ಚಂದ್ರಗುತ್ತಿ, ಕೆಳದಿ, ಇಕ್ಕೇರಿಗಳ ಮೂಲಕ ನಗರಕ್ಕೆ ಹೋದರು.

ಬೇಸಿಗೆಗೆ ಉಪ್ಪು, ಮಳೆಗೆ ಸಿಹಿ ಎಂದು ಬುಕಾನನ್ ಬರೆದುಕೊಂಡರು. ಆ ಏರಿಳಿತವೇ ಅಲ್ಲಿನ ಮೀನಿನ ಸಮೃದ್ಧಿಗೆ ಮುಖ್ಯ ಕಾರಣ ಎಂಬ ವಿವರಣೆ ಬಂದದ್ದು ಬಹಳ ಕಾಲದ ನಂತರ. ಎಷ್ಟೋ ಸಮುದ್ರ ಮೀನುಗಳು ಮತ್ತು ಸೀಗಡಿಗಳು ಸಮುದ್ರದಲ್ಲಿ ಮೊಟ್ಟೆ ಇಡುತ್ತವೆ. ತೀರ ಚಿಕ್ಕ ಮರಿಗಳು ಉಬ್ಬರದ ನೀರಿನೊಡನೆ ಅಳಿವೆಯೊಳಗೆ ಬರುತ್ತವೆ. ಅಲ್ಲಿ ನೀರು ಕದಡಿರುವುದರಿಂದ ದೊಡ್ಡ ಮೀನಿನ ಕಣ್ಣಿಗೆ ಬೀಳುವುದು ಕಡಿಮೆ. ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಅಡಗಬಹುದು, ಕೊಳೆತ ಎಲೆಯಿಂದ ಬೆಳೆದ ಸೂಕ್ಷ್ಮಜೀವಿಗಳು ಆಹಾರವಾಗುತ್ತವೆ. ಬೆಳೆದ ಮೇಲೆ ಮತ್ತೆ ಸಮುದ್ರಕ್ಕೆ. ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಟ್ಟರೂ ಉಳಿಯುವುದು ಕೆಲವೇ ಮರಿ. ಹೀಗಾಗಿ ಬದುಕುವ ಮರಿಗಳ ಪ್ರಮಾಣ ಕಡಿಮೆಯಾದರೆ ಆಚೆ ಸಮುದ್ರದಲ್ಲಿ ಬೀಸಿದ ಬಲೆಗೆ ಬೀಳುವ ಮೀನೂ ಕಡಿಮೆಯಾಗಬಹುದು. ಬಂಗಾಳದವರು ಭೇಟ್ಕಿ ಎನ್ನುವ ಮೀನಿನ ಮರಿಗಳೂ ಹೀಗೆಯೇ ಅಳಿವೆಯಲ್ಲಿ ಬೆಳೆಯುತ್ತವೆ. ಈ ಮೀನು ಗಂಡಾಗಿ ಬೆಳೆದು ನಂತರ ಹೆಣ್ಣಾಗುತ್ತದೆ. ಬುಕಾನನ್ ಇದಕ್ಕೂ ಹೆಸರಿಟ್ಟಿದ್ದರು, ಆದರೆ ಬ್ಲಾಕ್ ಎಂಬ ಜರ್ಮನ್ ವಿದ್ವಾಂಸರು 1790ರಲ್ಲೇ ಇಟ್ಟ ಹೆಸರು ಇದ್ದುದರಿಂದ ಇವರದು ನಿಲ್ಲಲಿಲ್ಲ. ಹಿಲ್ಸಾ ಮೀನಿಗೆ ಇಟ್ಟದ್ದು ನಿಂತಿತು. ಅದರ ದಾರಿ ತಿರುಗುಮುರುಗು: ಸಮುದ್ರದಿಂದ ನದಿಗೆ ಏರಿ ಮೊಟ್ಟೆ ಇಡುತ್ತದೆ.

ಮುಂದೆ ನೇಪಾಳ, ಕಲ್ಕತ್ತಾ, 1807ರಿಂದ 1814ರವರೆಗೆ ಬಂಗಾಳದ ಸರ್ವೇಕ್ಷಣೆ. 1814ರಲ್ಲಿ ಕಲ್ಕತ್ತಾ ಸಸ್ಯೋದ್ಯಾನದ ಮುಖ್ಯಸ್ಥರಾದರು, ಆದರೆ ಮರುವರ್ಷವೇ ಊರಿಗೆ ಹೊರಟರು. ಹೊರಡುವಾಗ ಒಂದು ಪೆಟ್ಟು ಬಿತ್ತು. ಇಷ್ಟು ವರ್ಷ ಬರೆಸಿದ್ದ ಚಿತ್ರಗಳು ಕಂಪನಿಯ ಸ್ವತ್ತು ಎಂದು ಗವರ್ನರ್ ಜನರಲ್ ತಡೆಹಿಡಿದರು. ಕೈಯಲ್ಲಿ ಉಳಿದ ಚಿತ್ರ ಮತ್ತು ಟಿಪ್ಪಣಿಗಳಿಂದಲೇ 1822ರಲ್ಲಿ ಗಂಗಾನದಿಯ ಮೀನುಗಳ ಪುಸ್ತಕವನ್ನು ಎಡಿನ್‌ಬರೋದಲ್ಲಿ ಪ್ರಕಟಿಸಿದರು. ತಾಯಿಯ ಆಸ್ತಿ ಬಂದಾಗ ಅವರ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನೂ ತೆಗೆದುಕೊಂಡಿದ್ದರಿಂದ, ಮೀನಿನ ಹೆಸರಿನ ಮುಂದೆ ಇಂದಿಗೂ ಹ್ಯಾಮಿಲ್ಟನ್, 1822 ಎಂದೇ ಬರೆಯುತ್ತಾರೆ. ಪ್ರಯೋಗಾಲಯಗಳಲ್ಲಿ ಸಾಕುವ ಜೀಬ್ರಾ ಮೀನಿನ ಮುಂದೆಯೂ ಅದೇ ಇದೆ. 1829ರ ಜೂನ್ 15ರಂದು ಅವರು ತೀರಿಕೊಂಡರು.

ಅದಾಗಿ 135 ವರ್ಷಕ್ಕೆ, 1964ರಲ್ಲಿ, ನಮ್ಮ ಪಕ್ಕದ ಸಾಗರ ತಾಲ್ಲೂಕಿನಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ವಿದ್ಯುತ್ ತಯಾರಿಸಿ ಬಿಟ್ಟ ನೀರು ವರ್ಷವಿಡೀ ಕೆಳಗೆ ಹರಿಯತೊಡಗಿತು. ಬೇಸಿಗೆಯಲ್ಲೂ ಸಿಹಿನೀರು ಬರುವುದರಿಂದ ಶರಾವತಿಯ ಅಳಿವೆಯಲ್ಲಿ ಉಪ್ಪಿನ ಅಂಶ ಇಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಕುಮಟಾದ ಬಳಿ ಸಮುದ್ರ ಸೇರುವ, ಅಣೆಕಟ್ಟಿಲ್ಲದ ಅಘನಾಶಿನಿಯೊಡನೆ ಹೋಲಿಸಿ ನೋಡಿದ್ದಾರೆ. ಅಘನಾಶಿನಿಯಲ್ಲಿ ಮೀನಿನ ಜಾತಿಗಳು ಹೆಚ್ಚು. ನೂರಾರು ಕುಟುಂಬಗಳು ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಆಯುತ್ತವೆ. ಶರಾವತಿಯಲ್ಲಿ ಆ ಬಳಚು ಹೆಚ್ಚುಕಡಿಮೆ ಇಲ್ಲವಾಗಿದೆ. ಆ ಅಣೆಕಟ್ಟಿನ ವಿದ್ಯುತ್ತಿನಿಂದ ನಮ್ಮ ರಾಜ್ಯ ಬೆಳಗಿದ್ದೂ ನಿಜ, ಕೆಳಗಿನ ಬೆಸ್ತರು ಕಳೆದುಕೊಂಡದ್ದೂ ನಿಜ. ಅಣೆಕಟ್ಟಿಗೆ ಮೊದಲು ಅಲ್ಲಿ ನೀರು ಹೇಗಿತ್ತು ಎಂಬುದಕ್ಕೆ, ಹೊನ್ನಾವರದ ಹೊಳೆ ಬೇಸಿಗೆಯಲ್ಲಿ ಉಪ್ಪು ಎಂದು 1801ರಲ್ಲಿ ಆ ವೈದ್ಯರು ಬರೆದಿಟ್ಟ ಒಂದು ಸಾಲು ಸಾಕ್ಷಿಯಾಗಿ ಉಳಿದಿದೆ.