ಡಾರ್ವಿನ್ ಇಪ್ಪತ್ತು ವರ್ಷ ಮುಂದೂಡಿದ ಪುಸ್ತಕ

ಪುಸ್ತಕವೊಂದನ್ನು ಬರೆಯಬೇಕೆಂಬ ಆಸೆ ಹಲವರಿಗಿರುತ್ತದೆ. ಆ ಆಸೆಯ ಬೆನ್ನಿಗೇ ತಾನು ಅದಕ್ಕೆ ಸಿದ್ಧನೇ ಎಂಬ ಅಳುಕೂ ಹುಟ್ಟುತ್ತದೆ. ಇನ್ನೊಂದಿಷ್ಟು ಓದೋಣ, ಇನ್ನೊಂದಿಷ್ಟು ಸಾಮಗ್ರಿ ಕೂಡಿಸೋಣ, ಮಕ್ಕಳ ಪರೀಕ್ಷೆ ಮುಗಿಯಲಿ, ಮಳೆಗಾಲ ಕಳೆಯಲಿ ಎನ್ನುತ್ತಲೇ ವರ್ಷಗಳು ಉರುಳುತ್ತವೆ. ಮನುಷ್ಯನು ತನ್ನ ಬಗ್ಗೆ ಆಲೋಚಿಸುವ ಬಗೆಯನ್ನೇ ಬದಲಿಸಿದ ಗ್ರಂಥವೊಂದರ ಕರ್ತೃವೂ ಇದೇ ತೊಳಲಾಟದಲ್ಲಿ ಎರಡು ದಶಕ ಕಳೆದ ಎಂದರೆ ಅಚ್ಚರಿಯಾಗಬಹುದು. ಆತ ಚಾರ್ಲ್ಸ್ ಡಾರ್ವಿನ್.

1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಸಿರಿವಂತ ವೈದ್ಯರೊಬ್ಬರ ಮಗನಾಗಿ ಜನಿಸಿದ ಡಾರ್ವಿನ್, ವೈದ್ಯ ಶಿಕ್ಷಣವನ್ನು ನಡುವೆಯೇ ಬಿಟ್ಟ. ಪಾದ್ರಿಯಾಗಲೆಂದು ಕೇಂಬ್ರಿಜ್‌ಗೆ ಹೋಗಿ ಜೀರುಂಡೆ ಹಿಡಿಯುವುದರಲ್ಲಿ ಮಗ್ನನಾದ. 1831ರ ಡಿಸೆಂಬರ್‌ನಲ್ಲಿ ‘ಬೀಗಲ್’ ಹಡಗನ್ನೇರಿ, ಸುಮಾರು ಐದು ವರ್ಷ ಜಗತ್ತು ಸುತ್ತಿ 1836ರ ಅಕ್ಟೋಬರ್‌ನಲ್ಲಿ ಮರಳಿದ. ಈ ಭಾಗ ಶಾಲಾ ಪಠ್ಯಗಳಿಂದಲೇ ಎಲ್ಲರಿಗೂ ಪರಿಚಿತ. ಅಷ್ಟಾಗಿ ಪರಿಚಿತವಲ್ಲದ್ದು ಅನಂತರದ ಕಥೆ.

1838ರ ಸೆಪ್ಟೆಂಬರ್ ಕೊನೆಯಲ್ಲಿ ಆತ ಜನಸಂಖ್ಯೆಯ ಕುರಿತ ಮಾಲ್ಥಸ್‌ನ ಪ್ರಬಂಧವನ್ನು ಓದಿದ. ಹುಟ್ಟುವ ಜೀವಿಗಳೆಲ್ಲ ಬದುಕಿ ಉಳಿಯುವಷ್ಟು ಆಹಾರವೂ ನೆಲೆಯೂ ಇಲ್ಲ. ಆದ್ದರಿಂದ ಪರಿಸರಕ್ಕೆ ತುಸುವಾದರೂ ಹೆಚ್ಚು ಹೊಂದಿಕೊಂಡ ಜೀವಿ ಉಳಿಯುತ್ತದೆ, ಅದರ ಗುಣ ಮುಂದಿನ ಪೀಳಿಗೆಗೆ ಸಾಗುತ್ತದೆ, ಹೀಗೆಯೇ ಕಾಲಾಂತರದಲ್ಲಿ ಹೊಸ ಪ್ರಭೇದಗಳು ರೂಪುಗೊಳ್ಳುತ್ತವೆ ಎಂಬ ಸೂತ್ರ ಅಂದು ಹೊಳೆಯಿತು. ಆಗ ಆತನಿಗೆ ವಯಸ್ಸು 29. ಆ ಸೂತ್ರವನ್ನು ಹೇಳುವ ಪುಸ್ತಕ ಹೊರಬಂದಾಗ ವಯಸ್ಸು 50.

ಬರವಣಿಗೆ ಬಾರದವನೇನೂ ಅಲ್ಲ. 1839ರಲ್ಲಿ ಪ್ರಕಟವಾದ ಪ್ರವಾಸ ಕಥನ ಆತನಿಗೆ ಹೆಸರು ತಂದಿತ್ತು. ಹವಳದ ದಿಬ್ಬಗಳು, ಜ್ವಾಲಾಮುಖಿ ದ್ವೀಪಗಳು, ದಕ್ಷಿಣ ಅಮೆರಿಕದ ಭೂರಚನೆ ಕುರಿತು 1842ರಿಂದ 1846ರ ನಡುವೆ ಮೂರು ಗ್ರಂಥಗಳು ಬಂದವು. ಆದರೆ ಮನಸ್ಸಿನ ನಡುವೆ ಕುಳಿತಿದ್ದ ಆ ಒಂದು ಪುಸ್ತಕ ಮಾತ್ರ ಮೇಜಿನ ಒಳಗೇ ಉಳಿಯಿತು. 1842ರಲ್ಲಿ ಪೆನ್ಸಿಲ್‌ನಲ್ಲಿ 35 ಪುಟಗಳ ಕರಡು ಬರೆದ. ಅದೇ ವರ್ಷ ಲಂಡನ್ ತೊರೆದು, ಪತ್ನಿ ಎಮ್ಮಾಳೊಂದಿಗೆ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ ನೆಲೆಸಿದ. 1844ರಲ್ಲಿ ಕರಡು ಸುಮಾರು 230 ಪುಟಗಳಿಗೆ ಬೆಳೆಯಿತು.

ಆಗ ಆತ ಮಾಡಿದ್ದೇನು? ಪ್ರಕಾಶಕರ ಬಳಿಗೆ ಹೋಗಲಿಲ್ಲ. ಹೆಂಡತಿಯ ಹೆಸರಿಗೆ ಒಂದು ಪತ್ರ ಬರೆದ. ತಾನು ಹಠಾತ್ತನೆ ತೀರಿಕೊಂಡರೆ 400 ಪೌಂಡ್ ವಿನಿಯೋಗಿಸಿ, ಯೋಗ್ಯ ಸಂಪಾದಕರೊಬ್ಬರನ್ನು ಹುಡುಕಿ ಈ ಹಸ್ತಪ್ರತಿಯನ್ನು ಪ್ರಕಟಿಸಬೇಕೆಂಬುದು ಅದರ ಸಾರ. ಸತ್ತ ಮೇಲೆ ಪ್ರಕಟಿಸಬಹುದಾದದ್ದನ್ನು ಬದುಕಿರುವಾಗ ಪ್ರಕಟಿಸುವ ಧೈರ್ಯವಿರಲಿಲ್ಲ. ಗಂಡನ ಸಂದೇಹಗಳು ಪರಲೋಕದಲ್ಲಿ ತಮ್ಮಿಬ್ಬರನ್ನು ಅಗಲಿಸುವುವೇನೋ ಎಂದು ಕಳವಳಗೊಂಡಿದ್ದ ಆಸ್ತಿಕ ಗೃಹಿಣಿಗೇ ಆ ಹೊಣೆಯನ್ನು ವಹಿಸಿದನೆಂಬುದು ಗಮನಾರ್ಹ.

ಅಳುಕಿಗೆ ಕಾರಣಗಳಿದ್ದವು. 1844ರ ಅಕ್ಟೋಬರ್‌ನಲ್ಲಿ ಲೇಖಕನ ಹೆಸರಿಲ್ಲದೆ ಪ್ರಕಟವಾದ ‘ವೆಸ್ಟಿಜಸ್’ ಎಂಬ ಪುಸ್ತಕ ಜೀವಿಗಳು ಬದಲಾಗುತ್ತ ಬಂದಿವೆ ಎಂದು ಸಾರಿತು. ಜನ ಮುಗಿಬಿದ್ದು ಕೊಂಡರು. ವಿಜ್ಞಾನಿಗಳು ಹರಿದು ಹಾಕಿದರು. ಅತ್ಯಂತ ಉಗ್ರವಾಗಿ ಖಂಡಿಸಿದವರಲ್ಲಿ ಡಾರ್ವಿನ್‌ಗೆ ಭೂವಿಜ್ಞಾನ ಕಲಿಸಿದ ಗುರು ಆಡಮ್ ಸೆಡ್ಜ್‌ವಿಕ್ ಒಬ್ಬರು. ಅದನ್ನು ಬರೆದ ರಾಬರ್ಟ್ ಚೇಂಬರ್ಸ್ ತಾನು ಬದುಕಿರುವವರೆಗೂ ಬಹಿರಂಗವಾಗಿ ಒಪ್ಪಿಕೊಳ್ಳಲಿಲ್ಲ. ಮರುವರ್ಷ ಸಸ್ಯವಿಜ್ಞಾನಿ ಗೆಳೆಯ ಜೋಸೆಫ್ ಹೂಕರ್ ಪತ್ರವೊಂದರಲ್ಲಿ, ಹಲವು ಪ್ರಭೇದಗಳನ್ನು ಸ್ವತಃ ಸೂಕ್ಷ್ಮವಾಗಿ ಅಭ್ಯಸಿಸದವನಿಗೆ ಈ ವಿಷಯದಲ್ಲಿ ಮಾತನಾಡುವ ಹಕ್ಕಿಲ್ಲ ಎಂಬ ಅರ್ಥದ ಮಾತು ಬರೆದ. ಅದು ಬೇರೊಬ್ಬ ಲೇಖಕನನ್ನು ಕುರಿತ ಮಾತು. ಆದರೆ ಅದು ಡಾರ್ವಿನ್‌ನ ಎದೆಗೇ ನಾಟಿತು.

ಹಾಗೆ ಆರಂಭವಾಯಿತು ಬಾರ್ನಕಲ್‌ಗಳ ಅಧ್ಯಯನ. ಕಡಲ ಬಂಡೆಗಳಿಗೂ ಹಡಗಿನ ತಳಕ್ಕೂ ಅಂಟಿಕೊಳ್ಳುವ ಈ ಪುಟ್ಟ ಚಿಪ್ಪುಜೀವಿಗಳನ್ನು 1846ರಿಂದ 1854ರವರೆಗೆ, ಎಂಟು ವರ್ಷ, ಸೂಕ್ಷ್ಮದರ್ಶಕದ ಕೆಳಗಿಟ್ಟು ಬಿಡಿಸಿದ. ಎಲ್ಲರ ಮನೆಯ ಅಪ್ಪಂದಿರೂ ಬಾರ್ನಕಲ್ ಬಿಡಿಸುವುದನ್ನೇ ಕಸುಬಾಗಿ ಮಾಡುತ್ತಾರೆಂದು ಆತನ ಮಕ್ಕಳಲ್ಲೊಬ್ಬರು ಭಾವಿಸಿದ್ದರೆಂಬ ಕಥೆಯೂ ಇದೆ. ನಡುವೆ 1851ರಲ್ಲಿ ಅಚ್ಚುಮೆಚ್ಚಿನ ಮಗಳು ಆನ್ನಿ ಹತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಹೊಟ್ಟೆನೋವು, ವಾಂತಿ, ನಿಶ್ಶಕ್ತಿ ಆತನನ್ನು ಸದಾ ಕಾಡುತ್ತಿದ್ದವು. ಬಾರ್ನಕಲ್ ಗ್ರಂಥಗಳು ಮಾತ್ರ ಮುಗಿದವು. 1853ರಲ್ಲಿ ರಾಯಲ್ ಸೊಸೈಟಿಯ ಪದಕವೂ ಬಂತು.

ಇದು ಸಿದ್ಧತೆಯೋ, ತಪ್ಪಿಸಿಕೊಳ್ಳುವಿಕೆಯೋ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಭಯವೇ ಕಾರಣವೆಂಬುದು ಹಳೆಯ ವಾದ. ಹಿಡಿದ ಕೆಲಸಗಳನ್ನು ಒಂದೊಂದಾಗಿ ಮುಗಿಸುತ್ತಿದ್ದನೇ ಹೊರತು ಭಯವೇನಿರಲಿಲ್ಲ ಎಂಬುದು ಈಚಿನ ವಾದ. ಎರಡರಲ್ಲೂ ಸತ್ಯಾಂಶವಿರುವಂತಿದೆ. ಒಂದೇ ಪ್ರಭೇದದೊಳಗೆ ಎಷ್ಟೆಲ್ಲ ವ್ಯತ್ಯಾಸಗಳಿರಬಲ್ಲವು ಎಂಬುದನ್ನು ಆತ ಕಣ್ಣಾರೆ ಕಂಡದ್ದು ಬಾರ್ನಕಲ್‌ಗಳಲ್ಲೇ. ಆದರೆ ಎಂಟು ವರ್ಷ ಬೇಕಿತ್ತೇ ಎಂದು ಮುಂದೆ ಆತನೇ ಸಂದೇಹಪಟ್ಟ.

ಅನಂತರ ಪಾರಿವಾಳಗಳ ಸರದಿ. ಮನೆಯಂಗಳದಲ್ಲಿ ಗೂಡು ಕಟ್ಟಿಸಿ ನಾನಾ ತಳಿಗಳನ್ನು ಸಾಕಿದ. ಬೀಜಗಳನ್ನು ಉಪ್ಪುನೀರಿನಲ್ಲಿ ವಾರಗಟ್ಟಲೆ ನೆನೆಸಿಟ್ಟು, ಕಡಲು ದಾಟಿದರೂ ಮೊಳೆಯುವುವೇ ಎಂದು ಪರೀಕ್ಷಿಸಿದ. ಜಗತ್ತಿನ ಮೂಲೆಮೂಲೆಗೆ ಪತ್ರ ಬರೆದು ಹಕ್ಕಿಗಳ ಚರ್ಮ ತರಿಸಿದ. ಭಾರತದಿಂದ ಕಳುಹಿಸಿಕೊಟ್ಟವನು ಮದ್ರಾಸ್ ಆಡಳಿತದಲ್ಲಿದ್ದ ವಾಲ್ಟರ್ ಎಲಿಯಟ್. ಕನ್ನಡಿಗರಿಗೆ ಈ ಹೆಸರು ಅಪರಿಚಿತವಲ್ಲ: 1824ರಲ್ಲಿ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಸೇನೆಗೆ ಸೆರೆಸಿಕ್ಕು ಬಳಿಕ ಬಿಡುಗಡೆಯಾದ ಸ್ಕಾಟಿಷ್ ಅಧಿಕಾರಿ, ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿದವನು ಇದೇ ಎಲಿಯಟ್. ತನ್ನ ಗ್ರಂಥದಲ್ಲಿ ಡಾರ್ವಿನ್ ಆತನ ನೆರವನ್ನು ಹೆಸರಿಸಿ ಸ್ಮರಿಸಿದ್ದಾನೆ.

1856ರಲ್ಲಿ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಎಚ್ಚರಿಸಿದ. ಆಲ್‌ಫ್ರೆಡ್ ವಾಲೆಸ್ ಎಂಬ ತರುಣ ಸಂಗ್ರಾಹಕ ಇದೇ ಜಾಡಿನಲ್ಲಿ ಲೇಖನ ಬರೆದಿದ್ದಾನೆ, ತಡಮಾಡಿದರೆ ಮೊದಲಿಗನೆಂಬ ಹಿರಿಮೆ ಕೈತಪ್ಪೀತು ಎಂದ. ಡಾರ್ವಿನ್ ಆ ಮೇ ತಿಂಗಳಲ್ಲಿ ಬರೆಯಲು ಕುಳಿತ. ಆದರೂ ಸಣ್ಣ ಪುಸ್ತಕಕ್ಕೆ ಮನಸ್ಸು ಒಪ್ಪಲಿಲ್ಲ. ಪ್ರತಿ ಮಾತಿಗೂ ಆಧಾರ, ಪ್ರತಿ ಆಕ್ಷೇಪಕ್ಕೂ ಉತ್ತರವಿರುವ ಮಹಾಗ್ರಂಥವೇ ಆಗಬೇಕಿತ್ತು. ಎರಡು ವರ್ಷಗಳಲ್ಲಿ ಹತ್ತು ಅಧ್ಯಾಯಗಳಷ್ಟು ಮುಗಿದಿತ್ತು.

1858ರ ಜೂನ್ 18. ಇಂದಿನ ಇಂಡೊನೇಷ್ಯಾದ ಟರ್ನಾಟೆ ದ್ವೀಪದಿಂದ ವಾಲೆಸ್‌ನ ಲಕೋಟೆ ಬಂತು. ಒಳಗಿದ್ದ ಪುಟ್ಟ ಲೇಖನದಲ್ಲಿ ಡಾರ್ವಿನ್ ಇಪ್ಪತ್ತು ವರ್ಷ ಬಚ್ಚಿಟ್ಟುಕೊಂಡಿದ್ದ ಸೂತ್ರವೇ ಇತ್ತು. ವಾಲೆಸ್‌ಗೆ ಅದು ಹೊಳೆದದ್ದು ಅದೇ ವರ್ಷದ ಆರಂಭದಲ್ಲಿ. ಬರೆದು ಮುಗಿಸಲು ಕೆಲವೇ ದಿನ ಸಾಕಾಗಿದ್ದವು! ಸಿದ್ಧನೇ ಎಂಬ ಪ್ರಶ್ನೆ ಆತನನ್ನು ಕಾಡಿದಂತೆ ತೋರುವುದಿಲ್ಲ.

ಡಾರ್ವಿನ್ ಕುಸಿದುಹೋದ. ಲೇಖನವನ್ನು ಅಡಗಿಸಿಡುವುದು ಅಪ್ರಾಮಾಣಿಕತೆ. ಈಗ ಅವಸರದಲ್ಲಿ ತನ್ನದನ್ನು ಪ್ರಕಟಿಸಿದರೂ ಅದು ಹೇಯವೆನಿಸೀತು. ಅದೇ ವಾರ ಮನೆಯನ್ನು ಕೆಂಪು ಜ್ವರ ಹೊಕ್ಕಿತು. ಒಂದೂವರೆ ವರ್ಷದ ಮಗು ಚಾರ್ಲ್ಸ್ ಜೂನ್ 28ರಂದು ತೀರಿಕೊಂಡಿತು. ಲಯೆಲ್ ಮತ್ತು ಹೂಕರ್ ಕೈಗೆ ಕಾಗದಗಳನ್ನೊಪ್ಪಿಸಿ ಆತ ಸುಮ್ಮನಾದ. ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಓದಲಾಯಿತು. ವಾಲೆಸ್ ಸಾವಿರಾರು ಮೈಲಿ ದೂರದಲ್ಲಿದ್ದ. ಆತನ ಒಪ್ಪಿಗೆಯನ್ನೂ ಕೇಳಿರಲಿಲ್ಲ. ಡಾರ್ವಿನ್ ಅಂದು ಮಗುವಿನ ಅಂತ್ಯಕ್ರಿಯೆಯಲ್ಲಿದ್ದ.

ಆ ತಿಂಗಳ ಕೊನೆಯ ಭಾಗದಲ್ಲಿ ವೈಟ್ ದ್ವೀಪದ ಸ್ಯಾಂಡೌನ್‌ನಲ್ಲಿ ಕುಳಿತು, ಮಹಾಗ್ರಂಥವನ್ನು ಬದಿಗಿಟ್ಟು ಅದರ ಸಂಗ್ರಹವನ್ನು ಬರೆಯತೊಡಗಿದ. ಹದಿಮೂರು ತಿಂಗಳಲ್ಲಿ ಮುಗಿಯಿತು. ಸಂಗ್ರಹ ಎಂಬ ಪದವನ್ನು ಮುಖಪುಟದಲ್ಲೇ ಹಾಕಬೇಕೆಂದು ಹಂಬಲಿಸಿದ. ಪ್ರಕಾಶಕ ಜಾನ್ ಮರ್ರಿ ಒಪ್ಪಲಿಲ್ಲ. ಹಸ್ತಪ್ರತಿ ಓದಿದ ಸಲಹೆಗಾರನೊಬ್ಬ, ಇದರ ಬದಲು ಪಾರಿವಾಳಗಳ ಬಗ್ಗೆ ಬರೆದರೆ ಜನ ಇಷ್ಟಪಟ್ಟಾರು ಎಂದ! ಅಚ್ಚಿನ ಕರಡಿನಲ್ಲಿ ತಿದ್ದುಪಡಿ ಎಷ್ಟಾಯಿತೆಂದರೆ ವೆಚ್ಚ ತಾನೇ ಭರಿಸುವೆನೆಂದು ಡಾರ್ವಿನ್ ಹೇಳಬೇಕಾಯಿತು. ಆಧಾರಗ್ರಂಥಗಳನ್ನು ಸೂಚಿಸಲಾಗಲಿಲ್ಲವೆಂದು ಪೀಠಿಕೆಯಲ್ಲಿ ವಿಷಾದಿಸಿದ. ಆದರೆ ಟಿಪ್ಪಣಿಗಳ ಭಾರವಿಲ್ಲದ್ದರಿಂದಲೇ ಸಾಮಾನ್ಯ ಓದುಗನಿಗೂ ಅದು ದಕ್ಕಿತು ಎನ್ನಬೇಕು.

‘ಆನ್ ದಿ ಆರಿಜಿನ್ ಆಫ್ ಸ್ಪೀಷೀಸ್’ 1859ರ ನವೆಂಬರ್ 24ರಂದು ಹೊರಬಂತು. ಅಚ್ಚಾದದ್ದು 1,250 ಪ್ರತಿ. ಪುಸ್ತಕ ವ್ಯಾಪಾರಿಗಳಿಂದ ಬಂದ ಬೇಡಿಕೆ ಅದಕ್ಕೂ ಹೆಚ್ಚು. ಆ ಹೊತ್ತಿನಲ್ಲಿ ಲೇಖಕ ಇಲ್ಕ್‌ಲಿ ಎಂಬ ಊರಿನಲ್ಲಿ ಜಲಚಿಕಿತ್ಸೆ ಪಡೆಯುತ್ತಿದ್ದ. 1860ರ ಜನವರಿಯಲ್ಲಿ ಎರಡನೆಯ ಆವೃತ್ತಿಯ 3,000 ಪ್ರತಿಗಳು ಬಂದವು. 1872ರವರೆಗೆ ಆರು ಆವೃತ್ತಿಗಳಾದವು. ಪ್ರತಿ ಬಾರಿಯೂ ತಿದ್ದಿದ. ವಾಲೆಸ್ ಕೊರಗಲಿಲ್ಲ. 1869ರಲ್ಲಿ ತನ್ನ ‘ಮಲಯ್ ಆರ್ಕಿಪೆಲಾಗೊ’ ಕೃತಿಯನ್ನು ಡಾರ್ವಿನ್‌ಗೇ ಅರ್ಪಿಸಿದ.

1882ರ ಏಪ್ರಿಲ್ 19ರಂದು ಡಾರ್ವಿನ್ ನಿಧನನಾದ. ಪೂರ್ಣ ಸಿದ್ಧನಾದ ಮೇಲೆ ಮುಗಿಸಬೇಕೆಂದಿದ್ದ ಆ ಮಹಾಗ್ರಂಥದ ಮೊದಲ ಅಧ್ಯಾಯಗಳನ್ನು 1868ರಲ್ಲಿ ಬೇರೊಂದು ಕೃತಿಯಾಗಿ ಬೆಳೆಸಿ ಪ್ರಕಟಿಸಿದ್ದ. ಉಳಿದ ಹಾಳೆಗಳು ಅಪೂರ್ಣವಾಗಿಯೇ ಉಳಿದು, 1975ರಲ್ಲಿ ಕೇಂಬ್ರಿಜ್‌ನಿಂದ ಅಚ್ಚಾದವು.