ಹಿರಿಯ ಕೇಟೊ

ರೋಮಿನ ಇತಿಹಾಸದಲ್ಲಿ ಕೇಟೊ ಎಂಬ ಹೆಸರಿನಿಂದ ಪ್ರಸಿದ್ಧರಾದವರು ಇಬ್ಬರು. ಜೂಲಿಯಸ್ ಸೀಸರನ ಏಕಾಧಿಪತ್ಯಕ್ಕೆ ತಲೆಬಾಗಲೊಲ್ಲದೆ ಕ್ರಿ. ಪೂ. 46ರಲ್ಲಿ ಪ್ರಾಣತ್ಯಾಗ ಮಾಡಿದವನು ಕಿರಿಯ ಕೇಟೊ. ಅವನ ಮುತ್ತಜ್ಜನೇ ಹಿರಿಯ ಕೇಟೊ ಎನಿಸಿದ ಮಾರ್ಕಸ್ ಪೋರ್ಸಿಯಸ್ ಕೇಟೊ. ತಲೆಮಾರನ್ನು ಗುರುತಿಸಲೆಂದು ಸೇರಿದ ‘ಹಿರಿಯ’ ಎಂಬ ಈ ವಿಶೇಷಣ ಇನ್ನೊಂದು ಅರ್ಥದಲ್ಲಿಯೂ ಅವನಿಗೆ ಒಪ್ಪುತ್ತದೆ. ಹುಟ್ಟಿದ ಶಿಶುವಿನ ಸರಾಸರಿ ಆಯುಷ್ಯ 20ರಿಂದ 30 ವರ್ಷಗಳಷ್ಟೇ ಇದ್ದಿತೆಂದು ವಿದ್ವಾಂಸರು ಅಂದಾಜು ಮಾಡುವ ಆ ಕಾಲದಲ್ಲಿ ಈತ 85 ವರ್ಷ ಬಾಳಿದನು. ಮುಪ್ಪು ಹೇಗಿರಬೇಕೆಂಬುದಕ್ಕೆ ನಂತರದ ರೋಮನರು ಮೇಲ್ಪಂಕ್ತಿಯಾಗಿ ಎತ್ತಿ ತೋರಿಸಿದುದೂ ಇವನನ್ನೇ. ಆ ಮೇಲ್ಪಂಕ್ತಿ ಎಷ್ಟರಮಟ್ಟಿಗೆ ಸಲ್ಲತಕ್ಕದ್ದು ಎಂಬುದನ್ನು ಅವನ ಬಾಳನ್ನು ನೋಡಿಯೇ ನಿರ್ಧರಿಸಬೇಕಾಗಿದೆ.

ರೋಮನರು ಮನುಷ್ಯನ ಬಾಳನ್ನು ಮೆಟ್ಟಿಲುಗಳಾಗಿ ವಿಂಗಡಿಸಿದ್ದರು. ಕೇಟೊನ ಮುಂದಿನ ಶತಮಾನದಲ್ಲಿದ್ದ ವಾರೊ ಎಂಬ ಪಂಡಿತನ ಲೆಕ್ಕದಂತೆ 15ರವರೆಗೆ ಬಾಲ್ಯ, 30ರವರೆಗೆ ಹರೆಯ, 45ರವರೆಗೆ ಪೂರ್ಣ ಯೌವನ, 60ರವರೆಗೆ ಹಿರಿತನ, ಅಲ್ಲಿಂದಾಚೆಗೆ ವೃದ್ಧಾಪ್ಯ. ಈ ಮೆಟ್ಟಿಲುಗಳಿಗೆ ಹೊರಗುರುತುಗಳೂ ಇದ್ದವು. ಸ್ವತಂತ್ರ ಕುಲದ ಬಾಲಕನು ನೇರಳೆಗೆಂಪು ಅಂಚಿನ ಉಡುಗೆಯನ್ನುಟ್ಟು, ಕೊರಳಲ್ಲಿ ರಕ್ಷೆಯ ತಾಯಿತವನ್ನು ಧರಿಸುತ್ತಿದ್ದನು. ಹದಿನೈದು ಹದಿನಾರರ ಸುಮಾರಿಗೆ ಅವೆರಡನ್ನೂ ಮನೆದೇವರ ಮುಂದೆ ಇಳಿಸಿ, ಪ್ರೌಢರ ಬಿಳಿಯ ಉಡುಗೆಯನ್ನು ತೊಡುತ್ತಿದ್ದನು. 17ರಿಂದ 46ರವರೆಗೆ ಸೈನ್ಯದ ಕರೆಗೆ ಓಗೊಡಬೇಕು. ಸೆನೇಟ್ ಎಂಬ ಮಾತೇ ವೃದ್ಧನೆಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದುದು. ಮನೆಯೊಳಗಂತೂ ತಂದೆ ಜೀವದಿಂದಿರುವವರೆಗೆ, ಮಗನಿಗೆ ಐವತ್ತಾಗಿದ್ದರೂ, ಕಾನೂನಿನ ದೃಷ್ಟಿಯಲ್ಲಿ ಸ್ವಂತ ಆಸ್ತಿ ಎಂಬುದಿರಲಿಲ್ಲ.

ಕೇಟೊ ಕ್ರಿ. ಪೂ. 234ರಲ್ಲಿ ರೋಮಿಗೆ ಸಮೀಪದ ಟಸ್ಕ್ಯುಲಂ ಎಂಬ ಊರಿನಲ್ಲಿ ಜನಿಸಿದನು. ಸಬೈನ್ ಸೀಮೆಯಲ್ಲಿದ್ದ ತಂದೆಯ ಹೊಲದಲ್ಲಿ ಬೆಳೆದನು. ಹಿಂದಿನ ಕಾಲದ ಸೇನಾನಿ ಕ್ಯೂರಿಯಸ್ ಡೆಂಟಾಟಸನ ಪುಟ್ಟ ಮನೆ ಅಲ್ಲಿಗೆ ಹತ್ತಿರವಿತ್ತು. ಮೂರು ವಿಜಯೋತ್ಸವಗಳನ್ನು ಕಂಡ ವೀರನೊಬ್ಬನು ಇಷ್ಟು ಚಿಕ್ಕ ಮನೆಯಲ್ಲಿ ಬಾಳಿದನಲ್ಲಾ ಎಂದು ತರುಣ ಕೇಟೊ ಆಗಾಗ ಅಲ್ಲಿಗೆ ಹೋಗಿ ನೋಡಿ ಬರುತ್ತಿದ್ದನಂತೆ. ಹ್ಯಾನಿಬಲನು ಇಟಲಿಯನ್ನು ಸುಡುತ್ತಿದ್ದ ದಿನಗಳವು. 17ನೆಯ ವಯಸ್ಸಿನಲ್ಲಿಯೇ ಅವನು ಯುದ್ಧಕ್ಕೆ ನಡೆದನು. ಬಿಡುವಿನ ಕಾಲದಲ್ಲಿ ಊರಿಗೆ ಬಂದರೆ ಹೊಲದಲ್ಲಿ ಗುಲಾಮರೊಡನೆ ದುಡಿದು, ಅವರೊಡನೆಯೇ ಕುಳಿತು ಅದೇ ರೊಟ್ಟಿಯನ್ನು ತಿನ್ನುತ್ತಿದ್ದನು. ಈ ಮಾತನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಬೇಕಾಗುತ್ತದೆ.

ನೆರೆಯ ಜಮೀನ್ದಾರ ವಲೇರಿಯಸ್ ಫ್ಲ್ಯಾಕಸನು ಈ ತರುಣನ ನಡೆನುಡಿಗಳನ್ನು ಮೆಚ್ಚಿ ರೋಮಿಗೆ ಹೋಗುವಂತೆ ಹುರಿದುಂಬಿಸಿದನು. ಕುಲದಲ್ಲಿ ಯಾರೂ ಉನ್ನತ ಪದವಿಯನ್ನೇರಿರದ ಕೇಟೊ ಒಂದೊಂದೇ ಅಧಿಕಾರವನ್ನೇರಿ, ಕ್ರಿ. ಪೂ. 195ರಲ್ಲಿ, 39ನೆಯ ವಯಸ್ಸಿನಲ್ಲಿ, ಅದೇ ಫ್ಲ್ಯಾಕಸನೊಡನೆ ಕಾನ್ಸಲನಾದನು. ಸ್ಪೇನಿನಲ್ಲಿ ದಂಡಯಾತ್ರೆ, ಕ್ರಿ. ಪೂ. 191ರಲ್ಲಿ ಥರ್ಮೋಪಿಲೆಯ ಬೆಟ್ಟದ ಹಾದಿಯನ್ನು ಇರುಳಿನಲ್ಲಿ ಸುತ್ತಿ ಆಂಟಿಯೋಕಸನ ಸೈನ್ಯದ ಬೆನ್ನಿಗೆ ಬಿದ್ದ ಸಾಹಸ, ಇವೆಲ್ಲ ಇತಿಹಾಸದಲ್ಲಿ ವಿಸ್ತಾರವಾಗಿ ಬಂದಿವೆ. ಕ್ರಿ. ಪೂ. 184ರಲ್ಲಿ, ಐವತ್ತರ ಹೊಸ್ತಿಲಲ್ಲಿ, ಅವನು ಸೆನ್ಸಾರ್ ಪದವಿಗೆ ಬಂದನು. ಜನಗಣತಿಯೊಡನೆ ನಾಗರಿಕರ ನಡತೆಯನ್ನೂ ವಿಚಾರಿಸುವ ಪದವಿಯದು. ಏಳು ಮಂದಿ ಸದಸ್ಯರನ್ನು ಸೆನೇಟಿನಿಂದ ಹೊರಗಟ್ಟಿದನು. ಆಭರಣ, ರಥ, ಬೆಲೆಬಾಳುವ ಉಡುಪುಗಳನ್ನು ಹತ್ತು ಪಾಲು ಹೆಚ್ಚಿನ ಬೆಲೆಗೆ ಲೆಕ್ಕಹಾಕಿ ತೆರಿಗೆ ವಿಧಿಸಿದನು. ಸಾರ್ವಜನಿಕ ನೀರನ್ನು ಖಾಸಗಿ ಮನೆಗಳಿಗೆ ತಿರುಗಿಸಿಕೊಂಡ ಕೊಳವೆಗಳನ್ನು ಕಡಿಸಿದನು. ಶ್ರೀಮಂತರು ಶಪಿಸಿದರು, ಜನಸಾಮಾನ್ಯರು ಮೆಚ್ಚಿದರು.

ಆದರೆ ಈ ಕಠೋರ ಮನುಷ್ಯನ ಬಾಳಿನಲ್ಲಿ ಅತ್ಯಂತ ಮೃದುವಾದ ಅಧ್ಯಾಯವೆಂದರೆ ಮಗನ ಶಿಕ್ಷಣ. ರಾಜಕಾರ್ಯದ ಅವಸರವಿಲ್ಲದಿದ್ದರೆ, ಪತ್ನಿ ಕೂಸಿಗೆ ಸ್ನಾನ ಮಾಡಿಸಿ ಬಟ್ಟೆ ಸುತ್ತುವ ಹೊತ್ತಿಗೆ ಅವನು ತಪ್ಪದೆ ಬಂದು ನಿಲ್ಲುತ್ತಿದ್ದನು. ಮನೆಯಲ್ಲಿ ಚಿಲೊ ಎಂಬ ವಿದ್ಯಾವಂತ ಗುಲಾಮನಿದ್ದು, ಅನೇಕರ ಮಕ್ಕಳಿಗೆ ಪಾಠ ಹೇಳುತ್ತಿದ್ದನು. ಆದರೂ ತನ್ನ ಮಗನನ್ನು ಗುಲಾಮನೊಬ್ಬ ಗದರಿಸಿ ಕಿವಿ ಹಿಂಡುವುದನ್ನು ಕೇಟೊ ಒಪ್ಪಲಿಲ್ಲ. ಅಕ್ಷರ, ಕಾನೂನು, ಕುದುರೆ ಸವಾರಿ, ಮುಷ್ಟಿಯುದ್ಧ, ಸೆಳವಿನ ಹೊಳೆಯಲ್ಲಿ ಈಜು, ಬಿಸಿಲು ಚಳಿಗಳನ್ನು ತಾಳಿಕೊಳ್ಳುವ ಅಭ್ಯಾಸ, ಎಲ್ಲವನ್ನೂ ತಾನೇ ಕಲಿಸಿದನು. ಮಗನು ಓದಲೆಂದು ದೇಶದ ಇತಿಹಾಸವನ್ನು ದೊಡ್ಡ ದೊಡ್ಡ ಅಕ್ಷರಗಳಲ್ಲಿ ತನ್ನ ಕೈಯಾರೆ ಬರೆದುಕೊಟ್ಟನು. ಬಾಲ್ಯದ ಮೆಟ್ಟಿಲನ್ನು ಇಷ್ಟು ಶ್ರದ್ಧೆಯಿಂದ ಏರಿಸಿದ ತಂದೆಯರು ಆ ಕಾಲದ ದೊಡ್ಡ ಮನೆತನಗಳಲ್ಲಿ ವಿರಳ.

ಅರವತ್ತು ದಾಟಿದ ಮೇಲೆಯೂ ಅವನು ಸುಮ್ಮನೆ ಕೂರಲಿಲ್ಲ. ಗ್ರೀಕರನ್ನು ಬಾಯಿತುಂಬ ಹಳಿಯುತ್ತಿದ್ದವನು ಇಳಿವಯಸ್ಸಿನಲ್ಲಿ ಗ್ರೀಕ್ ಗ್ರಂಥಗಳ ವ್ಯಾಸಂಗಕ್ಕೆ ಕುಳಿತನು. ಲ್ಯಾಟಿನ್ ಗದ್ಯದಲ್ಲಿ ರೋಮಿನ ಮೊತ್ತಮೊದಲ ಇತಿಹಾಸವಾದ ‘ಒರಿಜಿನೆಸ್’ ಎಂಬ ಏಳು ಸಂಪುಟಗಳ ಕೃತಿಯನ್ನು ರಚಿಸಿದುದೂ ಆಗಲೇ. ಹೆಂಡತಿ ತೀರಿಹೋದ ಬಳಿಕ ನಡೆದ ಪ್ರಸಂಗವೊಂದು ಸ್ವಾರಸ್ಯಕರವಾಗಿದೆ. ಮನೆಯ ದಾಸಿಯೊಬ್ಬಳೊಡನೆ ತಂದೆಯ ಸಂಬಂಧ ಮಗ ಸೊಸೆಯರಿಗೆ ಸರಿಬಾರದಿದ್ದುದನ್ನು ಕಂಡುಕೊಂಡ ಮುದುಕ, ಒಂದು ದಿನ ಚೌಕದ ಕಡೆಗೆ ಹೋಗುತ್ತಾ, ತನ್ನ ಬಳಿ ಲಿಪಿಕಾರನಾಗಿದ್ದ ಸಲೋನಿಯಸನನ್ನು ಕರೆದು ಮಗಳಿಗೆ ವರ ಗೊತ್ತಾಯಿತೇ ಎಂದು ವಿಚಾರಿಸಿದನು. ತಮ್ಮನ್ನು ಕೇಳದೆ ಗೊತ್ತುಮಾಡುವುದುಂಟೇ ಎಂದು ಆತನು ಬಿನ್ನವಿಸಲು, ವಯಸ್ಸೊಂದು ಅಡ್ಡಿಯಲ್ಲವಾದರೆ ವರನು ತಾನೇ ಎಂದನು. ಸಲೋನಿಯಸನು ದಂಗಾದರೂ ಸಂಬಂಧ ನಿಶ್ಚಯವಾಯಿತು. ತನ್ನಿಂದೇನಾದರೂ ತಪ್ಪಾಯಿತೇ ಎಂದು ಮಗ ಕೇಳಿದಾಗ, ನಿನ್ನಂಥ ಮಕ್ಕಳು ಇನ್ನೂ ಬೇಕೆನಿಸಿದೆ ಎಂದು ತಂದೆ ಸಮಾಧಾನ ಹೇಳಿದನಂತೆ. ಕ್ರಿ. ಪೂ. 154ರಲ್ಲಿ, ಎಂಬತ್ತರ ವೃದ್ಧನಿಗೆ ಗಂಡುಮಗು ಹುಟ್ಟಿತು. ಕಿರಿಯ ಕೇಟೊ ಈ ಕೂಸಿನ ಮೊಮ್ಮಗ. ಒಂದೆರಡು ವರ್ಷಗಳಲ್ಲಿ, ಕೈಯಾರೆ ಬೆಳೆಸಿದ ಹಿರಿಯ ಮಗನು ಉನ್ನತ ಪದವಿಗೆ ಚುನಾಯಿತನಾಗಿದ್ದಾಗಲೇ ಮರಣ ಹೊಂದಿದನು. ಆ ದುಃಖವನ್ನು ನುಂಗಿಕೊಂಡು ಕೇಟೊ ರಾಜಕಾರ್ಯವನ್ನು ಎಂದಿನಂತೆ ನಡೆಸಿದನು.

ಅದೇ ವರ್ಷಗಳಲ್ಲಿ ಕಾರ್ಥೇಜಿಗೆ ರಾಯಭಾರಿಯಾಗಿ ಹೋಗಿ, ಸೋತ ನಗರ ಮತ್ತೆ ಸಂಪದ್ಭರಿತವಾಗಿರುವುದನ್ನು ಕಂಡು ಬಂದನು. ಅಂದಿನಿಂದ ಸೆನೇಟಿನಲ್ಲಿ ಯಾವ ವಿಷಯದ ಮೇಲೆ ಮಾತನಾಡಿದರೂ ಕೊನೆಗೆ ಕಾರ್ಥೇಜ್ ನಾಶವಾಗಬೇಕೆಂಬ ಅಭಿಪ್ರಾಯವನ್ನು ಸೇರಿಸದೆ ಅವನು ಕುಳಿತುಕೊಳ್ಳುತ್ತಿರಲಿಲ್ಲ. ಹರೆಯದಲ್ಲಿ ಕಂಡ ಭಯವೊಂದು ಮುಪ್ಪಿನಲ್ಲಿ ಹಟವಾಗಿ ಬೆಳೆಯಿತು ಎನ್ನದೆ ವಿಧಿಯಿಲ್ಲ.

ಇನ್ನು ಗುಲಾಮರ ಮಾತು. ರೋಮನರು ಗುಲಾಮನನ್ನು, ತಲೆ ನರೆತಿದ್ದರೂ, ‘ಹುಡುಗ’ ಎಂದೇ ಕೂಗುತ್ತಿದ್ದರು. ಬಾಳಿನ ಮೆಟ್ಟಿಲುಗಳು ಅವನಿಗಿರಲಿಲ್ಲ. ಕೇಟೊ ಬರೆದ ಕೃಷಿಗ್ರಂಥದಲ್ಲಿ, ಜಮೀನಿನ ಯಜಮಾನನು ಮಾರಿಬಿಡಬೇಕಾದ ನಿರುಪಯುಕ್ತ ವಸ್ತುಗಳ ಪಟ್ಟಿಯೊಂದಿದೆ. ಮುದಿ ಎತ್ತು, ಹಳೆಯ ಗಾಡಿ, ಸವೆದ ಕಬ್ಬಿಣದ ಸಾಮಾನುಗಳ ಸಾಲಿನಲ್ಲಿಯೇ ಮುದಿ ಗುಲಾಮನೂ ರೋಗಿಷ್ಠ ಗುಲಾಮನೂ ಸೇರಿದ್ದಾರೆ. ಹರೆಯದಲ್ಲಿ ಯಾರೊಡನೆ ಕುಳಿತು ರೊಟ್ಟಿ ತಿಂದನೋ ಅವರ ಮುಪ್ಪಿಗೆ ಅವನು ಗೊತ್ತುಮಾಡಿದ ಗತಿ ಇದು. ಸುಮಾರು ಎರಡೂವರೆ ಶತಮಾನಗಳ ತರುವಾಯ ಅವನ ಜೀವನಚರಿತ್ರೆಯನ್ನು ಬರೆದ ಗ್ರೀಕ್ ಲೇಖಕ ಪ್ಲುಟಾರ್ಕನು, ಕೇಟೊನ ಸದ್ಗುಣಗಳನ್ನು ಮನಸಾರೆ ಹೊಗಳುತ್ತ ಬಂದು, ಈ ಸ್ಥಳದಲ್ಲಿ ಲೇಖನಿಯನ್ನು ತಡೆಯುತ್ತಾನೆ. ಪಾರ್ಥೆನಾನ್ ದೇಗುಲದ ನಿರ್ಮಾಣಕ್ಕೆ ದುಡಿದ ಹೇಸರಗತ್ತೆಗಳನ್ನು ಅಥೆನ್ಸಿನ ಜನ ಸ್ವತಂತ್ರವಾಗಿ ಮೇಯಲು ಬಿಟ್ಟುದನ್ನು ನೆನಪಿಸಿ, ತನಗಾಗಿ ದುಡಿದು ಮುದಿಯಾದ ಎತ್ತನ್ನೇ ತಾನು ಮಾರಲಾರೆನೆಂದು ಹೇಳಿಕೊಳ್ಳುತ್ತಾನೆ. ಸ್ಪೇನಿನ ಯುದ್ಧದಲ್ಲಿ ಹೊತ್ತು ತಿರುಗಿದ ಕುದುರೆಯನ್ನು, ಹಡಗಿನ ಖರ್ಚು ಸರ್ಕಾರಕ್ಕೆ ಉಳಿಯಲೆಂದು, ಕೇಟೊ ಅಲ್ಲಿಯೇ ಬಿಟ್ಟು ಬಂದುದನ್ನು ಅವನು ಹೇಳುವುದೂ ಇದೇ ಸಂದರ್ಭದಲ್ಲಿ. ನಮಗೂ ಪ್ಲುಟಾರ್ಕನ ಪಕ್ಷವೇ ಸರಿಯೆಂದು ತೋರುತ್ತದೆ. ಕಾಲಧರ್ಮವೆಂದು ಇದನ್ನು ಮನ್ನಿಸಬಹುದೆನ್ನುವವರು, ಆ ಪುರಾತನ ಕಾಲದವನೇ ಆದ ಪ್ಲುಟಾರ್ಕನು ಮನ್ನಿಸಲಿಲ್ಲವೆಂಬುದನ್ನು ಗಮನಿಸಬೇಕು.

ಕ್ರಿ. ಪೂ. 149ರಲ್ಲಿ, ಶರಣಾದ ಲುಸಿಟೇನಿಯದ ಜನರನ್ನು ಕೊಲ್ಲಿಸಿದ ಸೇನಾನಿ ಗಾಲ್ಬನ ವಿರುದ್ಧ 85ರ ಕೇಟೊ ಎದ್ದುನಿಂತು ವಾದಿಸಿದನು. ಗಾಲ್ಬನು ತನ್ನ ಎಳೆಯ ಮಕ್ಕಳನ್ನು ಸಭೆಯ ಮುಂದೆ ತಂದು ನಿಲ್ಲಿಸಿ, ಕಣ್ಣೀರು ತರಿಸಿ ಪಾರಾದನು. ಆ ವರ್ಷವೇ ಕಾರ್ಥೇಜಿನ ಮೇಲೆ ಯುದ್ಧ ಆರಂಭವಾಯಿತು. ಆ ವರ್ಷವೇ ಕೇಟೊ ತೀರಿಕೊಂಡನು. ಮೂರು ವರ್ಷಗಳ ತರುವಾಯ ಕಾರ್ಥೇಜನ್ನು ನೆಲಸಮ ಮಾಡಿದ ಸಿಪಿಯೊ ಅವನ ಸೊಸೆಯ ಸಹೋದರನೇ.

ನೂರು ವರ್ಷ ಕಳೆದ ಮೇಲೆ, ಕ್ರಿ. ಪೂ. 44ರಲ್ಲಿ, ಮಗಳನ್ನು ಕಳೆದುಕೊಂಡು ರಾಜಕಾರಣದಿಂದಲೂ ದೂರವಾಗಿದ್ದ 62ರ ಸಿಸೆರೊ ವೃದ್ಧಾಪ್ಯವನ್ನು ಕುರಿತು ಪುಸ್ತಕವೊಂದನ್ನು ಬರೆದು, ಅದರ ಮಾತುಗಳನ್ನೆಲ್ಲ ಕೇಟೊನ ಬಾಯಲ್ಲಿ ಆಡಿಸಿದನು. ಮುಪ್ಪು ಕಾರ್ಯದಿಂದ ದೂರ ಮಾಡುತ್ತದೆ, ದೇಹವನ್ನು ಕುಗ್ಗಿಸುತ್ತದೆ, ಸುಖಗಳನ್ನು ಕಸಿಯುತ್ತದೆ, ಮರಣಕ್ಕೆ ಸಮೀಪವಾಗಿರುತ್ತದೆ ಎಂಬ ನಾಲ್ಕು ದೂರುಗಳಿಗೆ ಅಲ್ಲಿನ ಕೇಟೊ ಶಾಂತನಾಗಿ ಉತ್ತರ ಹೇಳುತ್ತಾನೆ. ದ್ರಾಕ್ಷಿಬಳ್ಳಿಯ ಬೆಳವಣಿಗೆಯನ್ನು ವರ್ಣಿಸುತ್ತಾನೆ. ಯುರೋಪಿನ ಜನ ಮುಪ್ಪಿನ ಕೇಟೊ ಎಂದೊಡನೆ ನೆನೆಯುವುದು ಈ ಸೌಮ್ಯ ತೋಟಗಾರನನ್ನು. ನಿಜವಾದ ಕೇಟೊನ ಬರಹಗಳಲ್ಲಿ ಇತಿಹಾಸದ ಏಳು ಸಂಪುಟಗಳು ಚೂರುಗಳಾಗಿ ಮಾತ್ರ ಉಳಿದಿವೆ. ಮಗನಿಗೆಂದು ದೊಡ್ಡಕ್ಷರಗಳಲ್ಲಿ ಬರೆದುದು ಸಿಕ್ಕಿಲ್ಲ. ಇಡಿಯಾಗಿ ನಮ್ಮ ಕೈಸೇರಿರುವುದು ಕೃಷಿಗ್ರಂಥವೊಂದೇ. ಮುದಿ ಎತ್ತು, ಮುದಿ ಗುಲಾಮರ ಆ ಪಟ್ಟಿ ಅದರ ಎರಡನೆಯ ಅಧ್ಯಾಯದ ಕೊನೆಯಲ್ಲಿದೆ.